ಹಲ್ಲಿದ್ದ ಬಾಟ್ಲಿ

ಹಳಿಯಾಳದ ಪೇಟೆಯಲ್ಲಿ ಶಿವಲಿಂಗಪ್ಪನವರ ಡ್ರಗ್ ಹಾಲ್ ಎಂಬ ಔಷಧದ ಅಂಗಡಿಯಿತ್ತು. ಅಲ್ಲಿ ಒಮ್ಮೆಯಾದರೂ ಔಷಧ ತೆಗೆದುಕೊಂಡವರಿಗೆ ಒಂದು ನಿಯಮ ಗೊತ್ತಿರುತ್ತಿತ್ತು. ಬಾಟ್ಲಿಗೆ ಹಲ್ಲಿದ್ದರೆ ಹೊತ್ತಿಗೊಂದು ಹಲ್ಲಿನಂತೆ ಕುಡಿಯಬೇಕು. ಹಲ್ಲಿಲ್ಲದಿದ್ದರೆ ಒಂದೇ ಸಲಕ್ಕೆ ಎತ್ತಿ ಮುಗಿಸಬೇಕು.

ಹಲ್ಲು ಅಂದರೆ ಕಾಗದದ ಪಟ್ಟಿ. ಬಾಟ್ಲಿಯ ಎತ್ತರದ ಕಾಗದವನ್ನು ಮಡಚಿ, ಒಂದು ಅಂಚನ್ನು ಗರಗಸದ ಹಾಗೆ ಕತ್ತರಿಸಿ, ಗಂಜಿ ಸವರಿ ಬಾಟ್ಲಿಯ ಬದಿಗೆ ಅಂಟಿಸುತ್ತಿದ್ದರು. ಔಷಧ ಮೇಲಿನ ಹಲ್ಲಿನಿಂದ ಕೆಳಗಿನ ಹಲ್ಲಿಗೆ ಇಳಿದರೆ ಒಂದು ಹೊತ್ತಿನ ಪ್ರಮಾಣ ಮುಗಿಯಿತು. ಓದು ಬಾರದವರಿಗೂ, ಮನೆಯಲ್ಲಿ ಅಳತೆಯ ಚಮಚ ಇಲ್ಲದವರಿಗೂ ಅಷ್ಟು ಸಾಕಾಗುತ್ತಿತ್ತು. ಜುಲಾಬಿನ ಸಣ್ಣ ಬಾಟ್ಲಿಗೆ ಮಾತ್ರ ಹಲ್ಲಿರುತ್ತಿರಲಿಲ್ಲ. ಅದು ಒಂದೇ ಗುಟುಕಿನದು. ಸಂತೆಗೆ ಬಂದವರು, "ಎರಡ ಹಲ್ಲ ಉಳದಾವ್ರಿ, ಜ್ವರ ಬಿಟ್ಟೈತಿ. ಕುಡಿಯೂದೋ ಚೆಲ್ಲೂದೋ?" ಎಂದು ಕೇಳುತ್ತಿದ್ದರು.

"ಕುಡೀರಿ. ಜ್ವರ ಹೊರಳಿ ಬಂದ್ರ ನನ್ನ ಹಲ್ಲ ಮುರೀಲಿಕ್ಕೆ ಬರ್ತೀರಿ," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಉತ್ತರ ಕೊಡುತ್ತಿದ್ದವರು ಗಿರಿಜಾಬಾಯಿ. ಹಲ್ಲು ಕತ್ತರಿಸುತ್ತಿದ್ದವರೂ ಅವರೇ.

ಗಿರಿಜಾಬಾಯಿ ಮುಂಡಗೋಡ ಕಡೆಯ ಒಕ್ಕಲುತನದ ಮನೆಯ ಮಗಳು. ಶಿವಲಿಂಗಪ್ಪನವರ ಹಿರಿಯ ಸೊಸೆ. ಗಂಡ ಸೋಮಪ್ಪ ಮದುವೆಯಾದ ಕೆಲವೇ ವರ್ಷಗಳಲ್ಲಿ ಹೊಟ್ಟೆಬೇನೆಯಿಂದ ತೀರಿಕೊಂಡರು. ಅಂಗಡಿಯ ತುಂಬ ಔಷಧವಿದ್ದರೂ ಯಾವುದೂ ನಾಟಲಿಲ್ಲ. ಆವರೆಗೆ ಮನೆಯಲ್ಲೇ ಹಲ್ಲು ಕತ್ತರಿಸಿ ಕಳಿಸುತ್ತಿದ್ದ ಗಿರಿಜಾಬಾಯಿ, ಗಂಡನ ವರ್ಷಾಂತಿಕ ಮುಗಿದ ಮೇಲೆ ಕತ್ತರಿ ಹಿಡಿದುಕೊಂಡು ತಾವೇ ಅಂಗಡಿಗೆ ನಡೆದರು. ಮಾವ ಬೇಡವೆನ್ನಲಿಲ್ಲ. ಓಣಿಯವರು ಅಂದರು. ಎದುರು ಮನೆಯ ಸಿದ್ದಕ್ಕ ಕಟ್ಟೆಯ ಮೇಲಿಂದಲೇ ಕೂಗಿ ಕೇಳಿದಳು:

"ಗಂಡ ಹೋದ ಹೆಣಮಗಳು ಪ್ಯಾಟ್ಯಾಗ ಹೋಗಿ ಕುಂದ್ರೂದಂದ್ರ ಹೆಂಗವಾ?"

"ಕುಂದ್ರೂದು ನಿಮಗ ಕಣ್ಣಿಗೆ ಆಗೂದಿಲ್ಲೇನ್ರಿ, ಸಿದ್ದಕ್ಕಾರ? ಆತು, ನಿಂತ ಮಾಡ್ತೇನಿ."

ಹಾಗೆಯೇ ಮಾಡಿದರು. ಅಂಗಡಿಯ ಹಿಂಭಾಗದ ಎತ್ತರದ ಮೇಜಿನ ಮುಂದೆ ನಿಂತು ಬಾಟ್ಲಿ ತೊಳೆದರು, ನಿಂತು ಹಲ್ಲು ಕತ್ತರಿಸಿದರು, ನಿಂತು ಅಂಟಿಸಿದರು. ಬಹಳ ದಿನಗಳಾದ ಮೇಲೆ ಸಿದ್ದಕ್ಕನೇ ಕೆಮ್ಮಿನ ಔಷಧಕ್ಕೆಂದು ಬಂದು, "ಕುಂದ್ರವಾ ತಾಯಿ, ನಿನ್ನ ನೋಡಿ ನನ್ನ ಕಾಲ ನೂಸಾಕತ್ತಾವು," ಅಂದ ಮೇಲೆಯೇ ಸ್ಟೂಲು ಎಳೆದುಕೊಂಡರು.

ಅಂಗಡಿಯ ಹಿರಿಮೆ ಬೇರೆಯದಿತ್ತು. ಹಲಗೆಯ ಮೇಲೆ, "ಲಂಡನ್, ಹ್ಯಾಂಬರ್ಗಿನಿಂದ ನೇರವಾಗಿ ತರಿಸುವವರು" ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಶಿವಲಿಂಗಪ್ಪನವರು ಹರೆಯದಲ್ಲಿ ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಸರಕು ಬಿಡಿಸುವ ಏಜಂಟರ ಕೈಕೆಳಗೆ ದುಡಿದವರು. ಆಗ ಈ ಕಡೆ ಇಂಗ್ಲಿಷರ ರಾಜ್ಯ, ಘಟ್ಟದ ಕೆಳಗೆ ಪೋರ್ತುಗೀಜರ ಗೋವೆ. ಹಡಗಿನಲ್ಲಿ ಮಾರ್ಮಗೋವೆಗೆ ಬಂದ ಸರಕು ರೈಲಿನಲ್ಲಿ ಘಟ್ಟ ಹತ್ತಿ, ಕ್ಯಾಸಲ್‌ರಾಕಿನ ಸುಂಕದ ಕಟ್ಟೆಯಲ್ಲಿ ಇಳಿಯುತ್ತಿತ್ತು. ಪೆಟ್ಟಿಗೆಗಳ ಮೇಲೆ ಬರೆದ ಕಂಪನಿಗಳ ಹೆಸರು ನೋಡುತ್ತ ನೋಡುತ್ತ ಅವರಿಗೆ ಒಂದು ವಿಚಾರ ಬಂತು: ಮುಂಬಯಿಯ ವ್ಯಾಪಾರಿಯ ಕೈಯಿಂದ ಕೊಳ್ಳುವುದೇಕೆ, ನಾನೇ ಯಾಕೆ ತರಿಸಬಾರದು? ಊರಿಗೆ ಬಂದು ಅಂಗಡಿ ಇಟ್ಟರು, ತರಿಸಿದರು. ಅಳ್ನಾವರದವರೆಗೆ ರೈಲು, ಅಲ್ಲಿಂದ ಹಳಿಯಾಳಕ್ಕೆ ಎತ್ತಿನ ಬಂಡಿ.

ಮೊದಲ ಪೆಟ್ಟಿಗೆ ಬಂದಾಗ ಊರು ನಂಬಲಿಲ್ಲ. "ಶಿವಲಿಂಗಪ್ಪನ ಲಂಡನ್ ಅಂದ್ರ ನಮ್ಮೂರ ಕೆರಿ," ಎಂದು ನಕ್ಕರು. ಅದಕ್ಕೇ ಅವರು ಒಂದು ರೂಢಿ ಹಾಕಿದರು. ಪೆಟ್ಟಿಗೆಯನ್ನು ಒಳಗೆ ಒಯ್ಯುತ್ತಿರಲಿಲ್ಲ. ಸಂತೆಯ ದಿನ ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು, ಎಲ್ಲರ ಎದುರಿಗೆ ಮೊಳೆ ಕಿತ್ತು ಮುಚ್ಚಳ ತೆಗೆಯುತ್ತಿದ್ದರು. ಒಣಹುಲ್ಲಿನ ನಡುವಿನಿಂದ ಬಾಟ್ಲಿಗಳನ್ನು ಒಂದೊಂದಾಗಿ ಎತ್ತಿ ಬಿಸಿಲಿಗೆ ಹಿಡಿದು ತೋರಿಸುತ್ತಿದ್ದರು. ಅಣಶಿ, ಸೂಪಾ ಕಡೆಯಿಂದ ಬಂದವರು ಆ ಹುಲ್ಲನ್ನೂ ಬಿಡುತ್ತಿರಲಿಲ್ಲ. ಚಳಿಜ್ವರದವರ ತಲೆದಿಂಬಿನ ಕೆಳಗೆ ವಿಲಾಯತಿ ಹುಲ್ಲಿಟ್ಟರೆ ಒಳ್ಳೆಯದೆಂದು ಕಟ್ಟಿಕೊಂಡು ಹೋಗುತ್ತಿದ್ದರು. ತರಿಸಿದ ಔಷಧಗಳಲ್ಲಿ ಹೆಸರಾದದ್ದು ಗೋಪುರದ ಮೇಲೆ ಗಡಿಯಾರವಿರುವ ಚಿತ್ರದ ಜ್ವರದ ಔಷಧ. ಜನರು ಅದನ್ನು ಗಡಿಯಾರದ ಬಾಟ್ಲಿ ಎನ್ನುತ್ತಿದ್ದರು. ಚೌಕಾಕಾರದ ಆ ಬಾಟ್ಲಿಯ ಮೂರು ಬದಿಗೆ ಇಂಗ್ಲಿಷ್ ಚೀಟಿ. ಉಳಿದ ನಾಲ್ಕನೆಯ ಬದಿಗೆ ಗಿರಿಜಾಬಾಯಿಯವರ ಹಲ್ಲು.

ಸಾವಿರದ ಒಂಬೈನೂರ ಐವತ್ತೈದರಲ್ಲಿ ಗೋವೆಯ ಗಡಿ ಮುಚ್ಚಿತು. ಕ್ಯಾಸಲ್‌ರಾಕಿನ ಆಚೆ ರೈಲು ಹೋಗುವುದು ನಿಂತಿತು. ಕೆಲವು ಪೆಟ್ಟಿಗೆಗಳು ಮುಂಬಯಿ ಬಂದರಿನ ಮೂಲಕ ಬಂದವು. ಆಮೇಲೆ ಹೊರದೇಶದ ಸರಕು ತರಿಸಲು ಸರಕಾರದ ಪರವಾನಗಿ ಸಿಗುವುದೂ ಕಷ್ಟವಾಗಿ, ಪೆಟ್ಟಿಗೆಗಳು ಪೂರ್ತಿ ನಿಂತವು. ಮುಂಬಯಿಯಲ್ಲೇ ತಯಾರಾದ ಔಷಧ ತರಿಸಬೇಕಾಯಿತು. ಔಷಧವೇನೋ ಒಳ್ಳೆಯದೇ. ಆದರೆ ಗಿರಾಕಿಗಳು ಬಾಟ್ಲಿ ತಿರುಗಿಸಿ ನೋಡಿ ಗಡಿಯಾರ ಕಾಣದೆ, "ಮುಂಬಯಿದು ಮುಂಬಯಿ ಜ್ವರಕ್ಕ ನಡೀತತಿ, ನಮ್ಮ ಕಾಡ ಜ್ವರಕ್ಕ ವಿಲಾಯತಿನ ಬೇಕು," ಎಂದು ಇಟ್ಟು ಹೋಗುತ್ತಿದ್ದರು.

ಆ ಹೊತ್ತಿಗೆ ಶಿವಲಿಂಗಪ್ಪನವರ ಕಣ್ಣಿಗೆ ಪೊರೆ ಬಂದಿತ್ತು. ಅಂಗಡಿ ಕಿರಿಯ ಮಗ ಈಶಪ್ಪನ ಕೈಗೆ ಬಂದಿತ್ತು. ಈಶಪ್ಪ ಕೆಟ್ಟವನಲ್ಲ, ಅಂಗಡಿ ಮುಳುಗುತ್ತದೆಂದು ಹೆದರಿದವನು. ಹಿಂದಿನ ಕೋಣೆಯಲ್ಲಿ ಗಿರಾಕಿಗಳು ಮರಳಿಸಿದ ಗಡಿಯಾರದ ಖಾಲಿ ಬಾಟ್ಲಿಗಳು ಚೀಟಿ ಸಮೇತ ತುಂಬಿದ್ದವು. ಅವನು ಅವನ್ನು ತೊಳೆಯಲು ಹೊರಗೆ ತೆಗೆಸಿದ. ಆಮೇಲೆ ಅದೇ ಕೋಣೆಯಲ್ಲಿ ಅಗಳಿ ಹಾಕಿಕೊಂಡು, ಕಂಪೌಂಡರ್ ಅಡಿವೆಯ್ಯನವರಿಂದ ಮುಂಬಯಿಯ ಕ್ವಿನೈನಿನ ಮಿಶ್ರಣ ಮಾಡಿಸಿ ತುಂಬಿಸಿದ. ಬಿರಡೆ ಬಡಿದು, ಮೇಲೆ ಕೆಂಪು ಅರಗು ಹಚ್ಚಿದ.

"ಇವಕ್ಕ ಹಲ್ಲ ಹಚ್ಚಬ್ಯಾಡ್ರಿ, ವೈನಿ," ಎಂದ.

"ಯಾಕ?"

"ಮೊದಲಿನ ಮಾತ ಬ್ಯಾರೆ. ಈಗ ಹಡಗ ನಿಂತದ್ದು ಮಂದಿಗೆ ಗೊತ್ತೈತಿ, ಹಲ್ಲ ನೋಡಿದ್ರ ಇಲ್ಲೆ ತುಂಬಿದ್ದು ಅಂತಾರ. ಹಡಗದಿಂದ ಇಳದದ್ದು ಇಳದಂಗ ಕಾಣಬೇಕು."

"ಇದು ಹಡಗದಿಂದ ಯಾವಾಗ ಇಳೀತಪಾ? ನಿನ್ನಿ ಮುಂಜಾನೆ ನಾನ ತೊಳದಿಟ್ಟದ್ದಲ್ಲ ಇದು?"

"ಒಳಗಿಂದು ಖರೇ ಔಷಧ ಐತಲ್ರಿ! ಮಂದಿಗೆ ಗಡಿಯಾರ ಬೇಕು, ಗಡಿಯಾರ ಕೊಡೂದು. ಇದರಾಗ ಯಾರಿಗೇನ ತ್ರಾಸು?"

"ಔಷಧ ಖರೇ ಇದ್ರ ಅದಕ್ಕ ಸುಳ್ಳ ಅಂಗಿ ಯಾಕ ತೊಡಸ್ತಿ?"

"ಅಂಗಿ ನೋಡೇ ಮಂದಿ ಕೈ ಮುಗಿಯೂದ್ರಿ, ವೈನಿ."

ಗಿರಿಜಾಬಾಯಿ ಅಡಿವೆಯ್ಯನವರ ಮುಖ ನೋಡಿದರು. ಅವರು ಒರಳಿನಿಂದ ತಲೆ ಎತ್ತದೆ, "ನನ್ನ ನೋಡಬ್ಯಾಡ್ರಿ. ನಾ ಕಲಸಾವ. ಗಡಿಗ್ಯಾಗ ಹಾಕಂದ್ರ ಗಡಿಗ್ಯಾಗ ಹಾಕ್ತೇನಿ," ಅಂದರು.

"ಹಂಗಾದ್ರ ಕೇಳು, ಈಶಪ್ಪ. ಹಲ್ಲಿಲ್ಲದ ಬಾಟ್ಲಿ ನನ್ನ ಕೈಯಿಂದ ಹೊರಗ ಹೋಗೂದಿಲ್ಲ."

"ಹಂಗಾದ್ರ ನೀವೂ ಕೇಳ್ರಿ. ನಾಳಿಂದ ಅಂಗಡಿಗೆ ಬರಬ್ಯಾಡ್ರಿ. ಮನ್ಯಾಗ ಆರಾಮ ಇರ್ರಿ."

ಅವರು ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಮಾವನಿಗೆ ಎಲ್ಲವನ್ನೂ ಹೇಳಿದರು. ಶಿವಲಿಂಗಪ್ಪನವರು ವಿಭೂತಿಯ ಗಟ್ಟಿಯನ್ನು ಅಂಗೈಯಲ್ಲಿ ಹೊರಳಿಸುತ್ತ ಕೇಳಿದರು. ಕೊನೆಗೆ, "ಅಂಗಡಿ ಅವನ ಕೈಯಾಗ ಕೊಟ್ಟೇನಿ, ಗಿರಿಜವ್ವ. ಗಿರಾಕಿ ಉಳದ್ರ ಹೆಸರ ಉಳೀತತಿ," ಅಂದರು. ಗಿರಿಜಾಬಾಯಿ ಕತ್ತರಿಯನ್ನು ಗೋಡೆಯ ಗೂಡಿನಲ್ಲಿಟ್ಟರು. ಮರುದಿನದಿಂದ ಅಡುಗೆ ಮುಗಿದ ಮೇಲೆ ಪಡಸಾಲೆಯಲ್ಲಿ ಕುಳಿತು ಹಲ್ಲು ಕತ್ತರಿಸತೊಡಗಿದರು. ಅಂಟಿಸಲು ಬಾಟ್ಲಿ ಇರಲಿಲ್ಲ. ಈಶಪ್ಪನ ಹೆಂಡತಿ, "ಯಾರ ಬಾಯಿಗ್ರಿ ಇಷ್ಟ ಹಲ್ಲು?" ಎಂದು ಕೇಳಿದರೆ, "ಬೇಕಾಗ್ತಾವ," ಅಂದರು, ಅಷ್ಟೆ.

ಗಡಿಯಾರದ ಬಾಟ್ಲಿಗಳು ಭರದಿಂದ ಮಾರಿದವು. ದಾಂಡೇಲಿಯಲ್ಲಿ ಆಗ ಕಾಗದದ ಮಿಲ್ಲು ಹೊಸದಾಗಿ ಶುರುವಾಗಿ, ಧಾರವಾಡ, ಬೆಳಗಾವಿ ಜಿಲ್ಲೆಗಳಿಂದ ಮಂದಿ ದುಡಿಯಲು ಬಂದು ತುಂಬಿದ್ದರು. ಕಾಡಿನ ಸೊಳ್ಳೆ ಅವರನ್ನು ಮೊದಲು ಹಿಡಿಯುತ್ತಿತ್ತು. ಅವರಲ್ಲಿ ಮಲಕಪ್ಪ ಒಬ್ಬ. ಬಿದಿರು ಇಳಿಸುವ ಕೆಲಸ ಅವನದು. ಮಿಲ್ಲಿನ ಭೋಂಗಾ, ಎಂದರೆ ಸೈರನ್ನು, ಕೂಗಿದರೆ ಪಾಳಿ ಶುರು, ಮತ್ತೆ ಕೂಗಿದರೆ ಮುಗಿಯಿತು. ಹಿಂದಿನ ವರ್ಷವೂ ಡ್ರಗ್ ಹಾಲಿನಲ್ಲಿ ಔಷಧ ಕೊಂಡಿದ್ದವನು.

ಒಂದು ಮಧ್ಯಾಹ್ನ ಅವನ ಹೆಂಡತಿ ಮಾಲವ್ವ ಅವನ ರಟ್ಟೆ ಹಿಡಿದುಕೊಂಡು ದಾಂಡೇಲಿ ಬಸ್ಸಿನಿಂದ ಇಳಿದು, ಅಂಗಡಿಗೆ ಹೋಗದೆ, ಕೇಳಿಕೊಳ್ಳುತ್ತ ಗಿರಿಜಾಬಾಯಿಯವರ ಮನೆಯ ಹಿತ್ತಲ ಬಾಗಿಲಿಗೇ ಬಂದಳು.

"ಅಕ್ಕಾರ, ಇವರ ಕಿವಿ ಹೋಗ್ಯಾವ್ರಿ."

"ಒದರಬ್ಯಾಡ ಅಂತ ಹೇಳ್ರಿ ಇಕಿಗೆ!" ಎಂದು ಮಲಕಪ್ಪ ಓಣಿಗೆಲ್ಲ ಕೇಳುವಂತೆ ಒದರಿದ. "ಮಿಲ್ಲಿನ ಭೋಂಗಾ ನನ್ನ ಕಿವ್ಯಾಗ ಬಂದ ಕುಂತೈತ್ರಿ! ಪಾಳಿ ಮುಗದ್ರೂ ನಿಂದ್ರವಲ್ದು!"

"ಏನ ಕುಡದಿದ್ರಿ?" ಎಂದು ಗಿರಿಜಾಬಾಯಿ ಕೇಳಿದರು. ಅವನಿಗೆ ಕೇಳಲಿಲ್ಲ. ಮಾಲವ್ವ ಸೆರಗಿನಿಂದ ಬಾಟ್ಲಿ ತೆಗೆದು ನೆಲದ ಮೇಲಿಟ್ಟಳು. ಗಡಿಯಾರದ ಬಾಟ್ಲಿ. ಪೂರ್ತಿ ಖಾಲಿ.

"ಒಂದ ಸಲಕ್ಕ ಎತ್ತಿ ಕುಡದಾರ್ರಿ. ಅರ್ಧ ಕಾರಿಕೊಂಡ್ರು, ಬದುಕಿಕೊಂಡ್ರು. ಅಲ್ಲಿಯ ಡಾಕ್ಟರು ನೋಡಿ ಕ್ವಿನೈನ ತಲಿಗೇರೇತಿ, ನಿಧಾನಕ್ಕ ಇಳೀತತಿ ಅಂದ್ರು. ಆದ್ರ ಬಾಟ್ಲಿ ಮ್ಯಾಲಿಂದು ಓದಿ, 'ಇದರಾಗ ಅಷ್ಟ ಕ್ವಿನೈನ ಇರೂದಿಲ್ಲಲ್ಲ, ಮತ್ತೇನ ಕುಡದಾನ ಹೇಳು' ಅಂತ ನನ್ನ ಮ್ಯಾಲೇ ಸಿಟ್ಟಾದ್ರು."

ಗಿರಿಜಾಬಾಯಿ ಮಲಕಪ್ಪನ ಕಿವಿಯ ಹತ್ತಿರ ಬಾಯಿಟ್ಟು, "ಎಲ್ಲಾ ಒಂದ ಸಲಕ್ಕ ಯಾಕ ಕುಡದ್ರಿ?" ಎಂದು ಕೂಗಿದರು.

"ಹಲ್ಲ ಇರಲಿಲ್ಲರೀ, ಬಾಯಾರ! ಹಲ್ಲ ಇಲ್ಲಂದ್ರ ಒಂದ ಗುಟುಕಿಗೆ ಅಂತ ಹೋದ ವರ್ಷ ಜುಲಾಬ ಕೊಡುವಾಗ ನೀವ ಹೇಳಿದ್ದಿರಿ!"

ಗಿರಿಜಾಬಾಯಿ ಬಾಟ್ಲಿಯನ್ನು ಕೈಗೆತ್ತಿಕೊಂಡು ನಾಲ್ಕನೆಯ ಬದಿಗೆ ಬೆರಳಾಡಿಸಿದರು. ನುಣ್ಣಗಿತ್ತು. ಅವರು ಹೇಳಿಕೊಟ್ಟ ನಿಯಮವನ್ನು ಈ ಮನುಷ್ಯ ಚಾಚೂ ತಪ್ಪದೆ ಪಾಲಿಸಿದ್ದ. ಅವರು ಇಬ್ಬರಿಗೂ ಊಟ ಹಾಕಿ ಸಂಜೆಯ ಬಸ್ಸಿಗೆ ಕಳಿಸಿದರು. ಬಾಟ್ಲಿಯನ್ನು ಮಾತ್ರ ಇಟ್ಟುಕೊಂಡರು.

ಮುಂದಿನ ಸಂತೆಯ ದಿನ, ಈಶಪ್ಪ ಬಾಗಿಲು ತೆರೆದು ಧೂಪ ಹಾಕುವ ಹೊತ್ತಿಗೆ, ಗಿರಿಜಾಬಾಯಿ ತಲೆಯ ಮೇಲೆ ಹಿತ್ತಾಳೆಯ ಬೋಗುಣಿ ಹೊತ್ತು ಅಂಗಡಿಯ ಮುಂದೆ ಬಂದರು. ಮೆಟ್ಟಿಲ ಮೇಲೆ ಇಳಿಸಿದರು. ಎದುರಿನ ಹೋಟೆಲಿನವರಿಂದ ಬಿಸಿನೀರು ಇಸಿದುಕೊಂಡು ತುಂಬಿದರು. ಆಮೇಲೆ ಒಳಗೆ ಹೋಗಿ ಗಡಿಯಾರದ ಬಾಟ್ಲಿಗಳನ್ನು ಸೆರಗು ತುಂಬ ತಂದು ಬಿಸಿನೀರಿಗೆ ಬಿಟ್ಟರು. ಮತ್ತೆ ಹೋಗಿ ಮತ್ತೆ ತಂದರು.

"ವೈನಿ! ಏನ ಮಾಡಾಕತ್ತೀರಿ? ಚೀಟಿ ಬಿಡ್ತಾವಲ್ರಿ!"

"ಬಿಡ್ಲಿ ಅಂತನ ಹಾಕೇನಿ."

"ಸಂತಿ ಮಂದಿ ನೋಡಾಕತ್ತೈತಿ!"

"ನೋಡ್ಲಿ ಅಂತನ ಇಲ್ಲೆ ಕುಂತೇನಿ."

ಮಂದಿ ನಿಜವಾಗಿಯೂ ನೆರೆದಿತ್ತು. ನೀರಿನಲ್ಲಿ ಗೋಪುರ, ಗಡಿಯಾರ, ಇಂಗ್ಲಿಷ್ ಅಕ್ಷರಗಳು ಬಾಟ್ಲಿ ಬಿಟ್ಟು ತೇಲತೊಡಗಿದವು. ಭತ್ತದ ವ್ಯಾಪಾರಕ್ಕೆ ಬಂದಿದ್ದ ದುರ್ಗಪ್ಪ, "ಲಂಡನ್ ಈಜಾಕತ್ತೈತಲೇ!" ಎಂದು ನಗಿಸಿದ. ಈಶಪ್ಪ ಮನೆಗೆ ಓಡಿ ತಂದೆಯನ್ನು ಕೈಹಿಡಿದು ಕರೆತಂದ. ಶಿವಲಿಂಗಪ್ಪನವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬಗ್ಗಿ ಬೋಗುಣಿಯಲ್ಲಿ ಕೈ ಹಾಕಿದರು. ಮೆತ್ತಗಾದ ಕಾಗದ ಬೆರಳಿಗೆ ಸುತ್ತಿಕೊಂಡಿತು. ಅವರ ಮುಖ ಕಪ್ಪಿಟ್ಟಿತು.

"ಇದರ ಮ್ಯಾಲ ನಾ ಅಂಗಡಿ ಕಟ್ಟೇನಿ, ಗಿರಿಜವ್ವ. ನೀ ನನ್ನ ಕಣ್ಣ ಮುಂದ ಸುಲದ ಹಾಕಾಕತ್ತಿ."

"ನೀವು ಕಾಗದದ ಮ್ಯಾಲ ಕಟ್ಟಲಿಲ್ಲರಿ, ಮಾವಾರ. ಈ ಮೆಟ್ಟಲ ಮ್ಯಾಲ ಕಟ್ಟೀರಿ. ಪೆಟಗಿ ಬಂದ್ರ ಒಳಗ ಯಾಕ ಒಯ್ತಿರಲಿಲ್ಲ ನೀವು?"

ಮುದುಕರ ಕೈ ಮೆಟ್ಟಿಲ ಕಲ್ಲನ್ನು ತಡವಿತು.

"ಈಶಪ್ಪ ಈ ಬಾಟ್ಲಿ ತುಂಬಿದ್ದು ಎಲ್ಲಿ, ಕೇಳ್ರಿ. ಹಿಂದಿನ ಖೋಲ್ಯಾಗ, ಅಗಳಿ ಹಾಕಿಕೊಂಡು. ಔಷಧ ಖರೇ ಇದ್ರ ಅಗಳಿ ಯಾಕ ಬೇಕಿತ್ತು? ದಾಂಡೇಲಿಯಾಗ ಒಬ್ಬಂವ ಹಲ್ಲಿಲ್ಲಂತ ಇಡೀ ಬಾಟ್ಲಿ ಕುಡದಾನ. ಅಂವಗ ನಾನ ಹೇಳಿಕೊಟ್ಟ ಮಾತಿದು. ಅಂವನ ಜೀವ ಹೋಗಿದ್ರ ಡಾಕ್ಟರಿಗೂ ಏನ ಕುಡದಾನ ಅಂತ ಗೊತ್ತಾಗ್ತಿರಲಿಲ್ಲ. ಗಡಿಯಾರ ಸುಳ್ಳ ಹೇಳತಿತ್ತು."

"ಅಂವ ಸತ್ತಿಲ್ಲಲ್ಲ," ಅಂದ ಈಶಪ್ಪ. ದನಿ ಸಣ್ಣದಾಗಿತ್ತು.

"ಇಲ್ಲ. ಅದಕ್ಕ ಬರೇ ಬಾಟ್ಲಿ ತೊಳ್ಯಾಕತ್ತೇನಿ."

ಶಿವಲಿಂಗಪ್ಪನವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಬೆರಳಿಗಂಟಿದ ಕಾಗದವನ್ನು ಧೋತರಕ್ಕೆ ಒರೆಸಿಕೊಂಡರು. ಆಮೇಲೆ, "ಮುಂಬಯಿಂದ ಪೆಟಗಿ ಬಂದೈತೇನು?" ಎಂದು ಕೇಳಿದರು.

"ಒಳಗೈತ್ರಿ, ಅಪ್ಪಾರ," ಎಂದು ಉತ್ತರ ಕೊಟ್ಟವರು ಅಡಿವೆಯ್ಯನವರು. ಯಾರೂ ಹೇಳದೆ ಅವರೇ ಅದನ್ನು ಎಳೆದು ತಂದು ಮೆಟ್ಟಿಲ ಮೇಲಿಟ್ಟರು. ಮುದುಕರು ಮೊಳೆ ಕೀಳುವ ಇಕ್ಕಳವನ್ನು ತರಿಸಿದರು. ಮುಚ್ಚಳದ ಅಂಚನ್ನು ತಡವಿ ನೋಡಿ, ಇಕ್ಕಳವನ್ನು ಸೊಸೆಯ ಕೈಗೆ ಕೊಟ್ಟರು.

ಗಿರಿಜಾಬಾಯಿ ಮೊಳೆ ಕಿತ್ತರು. ಹುಲ್ಲಿರಲಿಲ್ಲ, ಹಳೆಯ ಸುದ್ದಿಪತ್ರಿಕೆಗಳಿದ್ದವು. ಡಬ್ಬಿಗಳನ್ನೂ ಬಾಟ್ಲಿಗಳನ್ನೂ ಒಂದೊಂದಾಗಿ ಎತ್ತಿ ಬಿಸಿಲಿಗೆ ಹಿಡಿದು, "ಮುಂಬಯಿದು. ಇದೂ ಮುಂಬಯಿದು," ಎಂದು ಗಟ್ಟಿಯಾಗಿ ಹೇಳುತ್ತ ಹೋದರು.

"ವಿಲಾಯತಿ ಎಲ್ಲಿ ಹೋತ್ರಿ, ಬಾಯಾರ?" ಎಂದು ದುರ್ಗಪ್ಪ ಕೆಣಕಿದ.

"ಹಡಗ ಬರೂದು ನಿಂತೈತಿ, ದುರ್ಗಪ್ಪ. ಜ್ವರ ಬರೂದು ನಿಂತಿಲ್ಲ. ಬೇಕಾದ್ರ ಹಡಗದ ಹಾದಿ ಕಾಯಕೋತ ಮಲಕೋ."

ಮಂದಿ ನಕ್ಕಿತು. ನಕ್ಕವರೆಲ್ಲ ಕೊಳ್ಳಲಿಲ್ಲ. ಬಹಳ ಜನ ಅಂದೇ ಬೇರೆ ಅಂಗಡಿಯ ಕಡೆ ನಡೆದರು. ಕೆಲವರು ಮತ್ತೆಂದೂ ಬರಲಿಲ್ಲ. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಡ್ರಗ್ ಹಾಲಿನ ಅರ್ಧ ಜಾಗವನ್ನು ಬಳೆ ಅಂಗಡಿಯವರಿಗೆ ಬಾಡಿಗೆಗೆ ಕೊಡಬೇಕಾಯಿತು. ಈಶಪ್ಪ ವರ್ಷ ತುಂಬುವುದರೊಳಗೆ ದಾಂಡೇಲಿಗೆ ಹೋಗಿ ಸೈಕಲ್ ಅಂಗಡಿ ಹಾಕಿದ. ಅಲ್ಲಿ ಅವನ ಕೈ ಹತ್ತಿತು. ಹಬ್ಬಕ್ಕೆ ಬಂದಾಗ, "ಸೈಕಲ್ಲಿಗೂ ಹಲ್ಲಿನ ಚಕ್ರ ಇರ್ತಾವ್ರಿ, ವೈನಿ, ನೀವು ಎಲ್ಲೂ ಬಿಡೂದಿಲ್ಲ," ಎನ್ನುತ್ತಿದ್ದ.

ಹಲಗೆಯ ವಿಷಯಕ್ಕೆ ಇನ್ನೊಮ್ಮೆ ವಾದವಾಯಿತು. ಪೇಟೆಯ ಹಿರಿಯರು ಬಂದು, ಇನ್ನು ಆ ಸಾಲನ್ನು ಅಳಿಸಿಬಿಡಿ, ಮರ್ಯಾದೆ ಉಳಿಯುತ್ತದೆ ಎಂದರು. ಗಿರಿಜಾಬಾಯಿ ಬಣ್ಣದವನನ್ನು ಕರೆಸಿ ಎರಡು ಊರುಗಳ ಹೆಸರನ್ನಷ್ಟೇ ಅಳಿಸಿದರು. ಆ ಜಾಗದಲ್ಲಿ ಒಂದು ಊರನ್ನು ಬರೆಸಿದರು. ಮರುದಿನದಿಂದ ಹಲಗೆ, "ಮುಂಬಯಿಯಿಂದ ನೇರವಾಗಿ ತರಿಸುವವರು" ಎಂದಿತು. "ಮುಂಬಯಿ ಏನ ದೊಡ್ಡದರಿ? ಎಲ್ಲಾರೂ ತರಸ್ತಾರ," ಎಂದು ಹಿರಿಯರೊಬ್ಬರು ಅಂದರೆ, "ತರಸ್ತಾರ. ಬರೀಲಿಕ್ಕೆ ನಾಚತಾರ," ಎಂದರು. ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಬಿಚ್ಚುವ ರೂಢಿಯನ್ನು ಅವರು ಅಂಗಡಿ ಇರುವವರೆಗೂ ಬಿಡಲಿಲ್ಲ. ಮಾವ ಬದುಕಿರುವವರೆಗೆ ಪಕ್ಕದಲ್ಲಿ ಕುಳಿತು ಇಕ್ಕಳ ಕೊಡುತ್ತಿದ್ದರು.

ಮಲಕಪ್ಪನ ಕಿವಿಯ ಭೋಂಗಾ ಕೆಲವು ದಿನಗಳಲ್ಲಿ ನಿಂತಿತು. ಮಳೆಗಾಲ ಮುಗಿದ ಮೇಲೆ ಅವನಿಗೆ ಮತ್ತೆ ಚಳಿ ಹತ್ತಿತು. ದಾಂಡೇಲಿಯಲ್ಲೇ ಔಷಧ ಸಿಗುತ್ತಿದ್ದರೂ ಬಸ್ಸು ಹಿಡಿದು ಹಳಿಯಾಳಕ್ಕೆ ಬಂದ. ಗಿರಿಜಾಬಾಯಿ ಕೊಟ್ಟ ಬಾಟ್ಲಿಯಲ್ಲಿ ಗಡಿಯಾರ ಇರಲಿಲ್ಲ. ಒಂದು ಬದಿಗೆ ಕನ್ನಡದಲ್ಲಿ ಔಷಧದ ಹೆಸರು, ತುಂಬಿದ್ದು ಹಳಿಯಾಳದಲ್ಲಿ ಎಂಬ ಮಾತು. ಇನ್ನೊಂದು ಬದಿಗೆ ಹಲ್ಲು. ಅವನು ಬಾಟ್ಲಿಯನ್ನು ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಒಂದೊಂದು ಹಲ್ಲನ್ನೂ ಮುಟ್ಟುತ್ತ ಕೆಳಗಿನವರೆಗೆ ಹೋದ.

"ಗಟ್ಟಿ ಅದಾವೇನ್ರಿ, ಬಾಯಾರ?"

"ಕಚ್ಚಿ ನೋಡು," ಅಂದರು ಗಿರಿಜಾಬಾಯಿ, ಮುಂದಿನ ಪಟ್ಟಿಗೆ ಕಾಗದ ಮಡಚುತ್ತ.